ನಾಲ್ಕಕ್ಷರದ ಬಾಲ ಮತ್ತು ಹುಕ್ಕೇರಿ ಬೀಗರ ಬಸ್ತಾ

ಅಂಗಡಿ ತೆರೆದು ಕೂತವನು ನಗೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ.

ಗೋಕಾಕದಲ್ಲಿ ನನ್ನದು ಜವಳಿ ಅಂಗಡಿ. ಇಂಗ್ಲಿಷ್‌ನಲ್ಲಿ ಟಿ, ಐ, ಓ, ಎನ್ ಎಂಬ ನಾಲ್ಕಕ್ಷರದ ಬಾಲ ಇರುವ ಶಬ್ದಗಳು ನಮ್ಮ ಗಾದಿಯ ಮೇಲೆ ಹೊರಳಾಡಿದಷ್ಟು ಯಾವ ಇಂಗ್ಲಿಷ್ ಸಾಲಿಯಲ್ಲೂ ಹೊರಳಾಡಿರಲಿಕ್ಕಿಲ್ಲ. ಕಲೆಕ್ಷನ್, ಸೆಲೆಕ್ಷನ್, ಕಂಡಿಷನ್, ಫಂಕ್ಷನ್. ಆಡುವವರಲ್ಲಿ ಎಬಿಸಿಡಿ ಬರೆಯಲು ಬಾರದವರೂ ಇರುತ್ತಾರೆ, ಮಾತು ಮಾತ್ರ ಅಡೆತಡೆ ಇಲ್ಲದೆ ಬರುತ್ತದೆ. ಕೇಳಿ ಕೇಳಿ ನನಗೆ ಒಂದು ವಿಷಯ ತಿಳಿದಿದೆ. ಖರೆ ಮಾತನ್ನು ಕನ್ನಡದಲ್ಲಿ ಆಡಲು ಅಂಜಿಕೆಯಾದಾಗ ಮನುಷ್ಯ ಅದಕ್ಕೆ ಈ ಬಾಲ ಹಚ್ಚುತ್ತಾನೆ.

ಈ ಸಲದ ಲಗ್ನದ ಹಂಗಾಮಿನಲ್ಲಿ ಒಂದೇ ಬಸ್ತಾದಲ್ಲಿ ಇಂಥವು ಸಾಲಾಗಿ ಬಂದವು. ಬಸ್ತಾ ಅಂದರೆ ಎರಡೂ ಕಡೆಯ ಬೀಗರು ಒಂದೇ ಅಂಗಡಿಯಲ್ಲಿ ಕೂತು ಮದುವೆಯ ಬಟ್ಟೆ ಆರಿಸುವುದು. ಹುಡುಗಿಯ ಸೀರೆಯ ಖರ್ಚು ಗಂಡಿನವರದು, ಹುಡುಗನ ಬಟ್ಟೆಯದು ಹೆಣ್ಣಿನವರದು. ಹುಡುಗಿ ಮಮದಾಪುರದವಳು, ಗೋಕಾಕದಲ್ಲೇ ಒಂದು ಸಾಲಿಯಲ್ಲಿ ಟೀಚರ್. ಹುಡುಗ ಹುಕ್ಕೇರಿಯವ, ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮಾತೆಲ್ಲ ಮುಗಿದು ಒಂದು ಮಾತ್ರ ಉಳಿದಿತ್ತು. ಲಗ್ನವಾದ ಮೇಲೆ ಹುಡುಗಿ ಹುಕ್ಕೇರಿಯಿಂದ ಬಸ್ ಹತ್ತಿ ಸಾಲಿಗೆ ಬರಬೇಕೋ, ನೌಕರಿ ಬಿಡಬೇಕೋ? ಅವಳಿಗೆ ಬಿಡುವ ಮನಸ್ಸಿಲ್ಲ. ಅತ್ತೆಯಾಗುವವರಿಗೆ ಕಳಿಸುವ ಮನಸ್ಸಿಲ್ಲ. ಬಾಯಿ ಬಿಟ್ಟು ಕೇಳುವ ಧೈರ್ಯ ಯಾರಿಗೂ ಇಲ್ಲ.

ಇದನ್ನೆಲ್ಲ ನನಗೆ ಬಾಗಿಲಲ್ಲೇ ಹೇಳಿದವರು ಹುಡುಗಿಯ ಸೋದರಮಾವ, ಮೂಡಲಗಿಯವರು, ನನ್ನ ಹಳೆಯ ಗಿರಾಕಿ.

"ಸಾವಕಾರ್ರ, ಆ ಮಾತ ಇಲ್ಲೆ ಎದ್ರ ಲಗ್ನಾನ ಕೂತಬಿಡತೈತಿ. ಒಂಚೂರ ಸಂಭಾಳಸ್ರಿ."

"ನಾ ಸೀರಿ ಮಾರಾಂವ್ರಿ, ಸಂಸಾರ ಅಲ್ಲ" ಅಂದೆ.

ಕಲೆಕ್ಷನ್

ಹುಡುಗನ ತಾಯಿ ಗಾದಿಯ ನಟ್ಟನಡುವೆ ಕೂತರು. ಗಂಡನನ್ನು ಹೊಲದ ಕೆಲಸಕ್ಕೆ ಬಿಟ್ಟು ಬಂದಿದ್ದರಂತೆ. ಆರಿಸುವಾಗ ಅಡ್ಡ ಮಾತು ಬೇಡ ಅಂತ ಇರಬೇಕು.

"ಹೊಸಾ ಕಲೆಕ್ಷನ್ ತಗೀರಿ."

ಹಸಿರು ಪೈಠಣಿ ಸೀರೆಯೊಂದನ್ನು ಬಿಚ್ಚಿದೆ.

"ಇದು ಹ್ವಾದ ವರ್ಷದ್ದು. ನಮ್ಮ ಓಣ್ಯಾಗ ಎಲ್ಲಾರೂ ಉಟ್ಟಾರ."

ಅದನ್ನು ಮಡಚಿ ಮೇಲಂತಸ್ತಿಗೆ ಕಳಿಸಿದೆ. ಚಹಾ ಹೇಳಿದೆ. ಆಮೇಲೆ ಅದೇ ಸೀರೆಯನ್ನು ಹೊಸ ಕವರಿನಲ್ಲಿ ಕೆಳಗೆ ತರಿಸಿ, ಈ ಸಲ ಸೆರಗಿನ ಕಡೆಯಿಂದ ಬಿಚ್ಚಿದೆ.

"ನೋಡ್ರಿ, ಇದಕ್ಕ ಅಂತಾರ ಕಲೆಕ್ಷನ್! ಮೊದಲ ತೋರಿಸಿದ್ರಲ್ಲಾ, ಅದರ ಮಾರಿಗೆ ಕಳಾನ ಇರಲಿಲ್ಲ" ಅಂದರು ಆಕೆ.

ಸೀರೆ ಹಳತಾಗುವುದು ಕಪಾಟಿನಲ್ಲಲ್ಲ, ನೋಡುವವರ ಕಣ್ಣಿನಲ್ಲಿ. ಇದು ಕಳ್ಳತನವಲ್ಲ, ವ್ಯಾಪಾರ. ಆದರೆ ಬಾಜೂಕ್ಕೆ ಕೂತ ಹುಡುಗಿ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಕೇಳಿದಳು: "ಕಾಕಾ, ಎರಡೂ ಒಂದ ಅಲ್ರಿ?"

"ಯವ್ವಾ" ಅಂದೆ, "ನೀ ಸಾಲ್ಯಾಗ ಹುಡುಗರನ್ನ ನೋಡ್ಕೋ. ಈ ಕಣ್ಣ ಅಂಗಡಿಗೆ ಬಂದ್ರ ನಮ್ಮ ಹೊಟ್ಟಿ ಮ್ಯಾಲ ಹೊಡತ ಬೀಳತೈತಿ."

ಕಂಡಿಷನ್

ಚಹಾ ಬಂತು. ಬಸಿಗೆ ಸುರಿದ ಚಹಾ ತುಟಿಗಿಡುತ್ತ ಹುಡುಗನ ತಾಯಿ, "ನಮ್ಮದೇನೂ ಕಂಡಿಷನ್ ಇಲ್ಲ ಬಿಡ್ರಿ ಬೀಗರ" ಅಂದರು.

ಹುಡುಗಿಯ ತಂದೆಯ ಕಪ್ಪು ಅರ್ಧ ದಾರಿಯಲ್ಲಿ ನಿಂತಿತು. ಅವರು ಅಂಜಿದ್ದು ಸರಿಯೇ. 'ನಾ ಚೌಕಾಸಿ ಮಾಡಾಂವಲ್ಲ' ಅನ್ನುವ ಗಿರಾಕಿಯೇ ಸಂಜೆತನಕ ಕೂತು ನಮ್ಮ ಜೀವ ತಿನ್ನುತ್ತಾನೆ.

"ಹುಡುಗಿ ನಕ್ಕೋಂತ ಇದ್ರ ಸಾಕ್ರಿ. ಮುಂಜಾನೆ ಪೂಜಿ, ಹೊತ್ತಿಗೆ ಸರಿಯಾಗಿ ರೊಟ್ಟಿ, ಮಧ್ಯಾಹ್ನ ಬಂದವರಿಗೆ ನೀರು, ಸಂಜಿಗೆ ಹೋದವರಿಗೆ ಚಾ. ಉಳಿದ ಹೊತ್ತೆಲ್ಲಾ ಆಕಿದ ರಾಜ್ಯ."

ಸೋದರಮಾವ ಕೇಳಿದರು: "ಉಳಿದ ಹೊತ್ತಂದ್ರ ನಿದ್ದಿ ಬಂದಾಗ ಏನ್ರಿ?"

"ಹೂಂ ಮತ್ತ. ನಿದ್ದಿಗೇನೂ ನಮ್ಮ ಕಂಡಿಷನ್ ಇಲ್ಲ."

ಎಲ್ಲರೂ ನಕ್ಕರು, ಹುಡುಗಿಯನ್ನು ಬಿಟ್ಟು. ನನಗೆ ಅನಿಸಿದ್ದು ಇಷ್ಟು. ಇದೇ ಮಾತನ್ನು ಆಕೆ 'ನಮ್ಮ ಷರತ್ತು ಹಿಂಗೈತಿ' ಅಂತ ಹೇಳಿದ್ದರೆ ಹೆಣ್ಣಿನವರು ಎದ್ದು ಹೋಗುತ್ತಿದ್ದರು. ಬಾಲ ಹಚ್ಚಿದ್ದಕ್ಕೆ ಚಹಾದ ಸಂಗಡ ಇಳಿದುಹೋಯಿತು.

ಪೊಸಿಷನ್

ಹುಡುಗನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕೋಟು ತೊಡಿಸಿದೆ. ಇದೇ ಸಮಯ ಅಂತ ಸೋದರಮಾವ ಹತ್ತಿರ ಬಂದರು.

"ಅಳಿಯಂದ್ರ, ನೌಕರಿ ಬಗ್ಗೆ ನಿಮ್ಮ ಮನಸಿನ್ಯಾಗ ಏನೈತಿ?"

ಹುಡುಗ ಕನ್ನಡಿಯಲ್ಲಿ ನೋಡಿದ. ಎಡಕ್ಕೆ ತಾಯಿ ಕಾಣುತ್ತಿದ್ದರು, ಬಲಕ್ಕೆ ಹುಡುಗಿ. ಇಬ್ಬರೂ ಇವನನ್ನೇ ನೋಡುತ್ತಿದ್ದರು.

"ನನ್ನ ಪೊಸಿಷನ್ ನೀವ ತಿಳ್ಕೋಬೇಕ್ರಿ ಮಾವಾರ."

"ತಿಳೀತು. ಎತ್ತಿನ ಗಾಡಿ ನೊಗದಾಗ ಎರಡೂ ಕಡೆ ನೀವ ಅದೀರಿ."

ಒಳ್ಳೆಯ ಹುಡುಗ, ಸಂಶಯವಿಲ್ಲ. ಕೆಟ್ಟುನಿಂತ ಮೋಟಾರಿನ ಮುಂದೆ ಹೀಗೆ ನಿಂತವನಲ್ಲ. ಆದರೆ ತಾಯಿ ಮೋಟಾರ್ ಅಲ್ಲವಲ್ಲ, ಬಿಚ್ಚಿ ನೋಡಲು ಬರುವುದಿಲ್ಲ. ನಾನು ಟೇಪು ಹಿಡಿದು, "ಉಸರ ಬಿಡ್ರಿ, ಎದಿ ಅಳತಿ ಸಿಗವಲ್ಲದು" ಅಂದೆ.

"ಅವ್ವ ಒಂದಿಷ್ಟ ಆ ಕಡೆ ನೋಡಲ್ರಿ, ಬಿಡತೇನಿ."

ಸೆಲೆಕ್ಷನ್

ಕೊನೆಗೆ ಉಳಿದದ್ದು ಹುಡುಗಿ ದಿನಾ ಉಡುವ ಸೀರೆಗಳು. ಹೆಣ್ಣುಮಕ್ಕಳ ಮನಸ್ಸನ್ನು ನಾವು ಬಾಯಿಂದ ತಿಳಿಯುವುದಿಲ್ಲ, ಕೈಯಿಂದ ತಿಳಿಯುತ್ತೇವೆ. ದಿನಾ ಬಸ್ ಹತ್ತುವವರ ಕೈ ಜರಿ ಸವರುವುದಿಲ್ಲ, ತೂಕ ನೋಡುತ್ತದೆ. ನಿರಿಗೆ ನಿಲ್ಲುತ್ತದೋ ಇಲ್ಲವೋ ಎಂದು ಅಂಚು ಹಿಚುಕುತ್ತದೆ. ಈ ಹುಡುಗಿಯ ಕೈ ಬಹಳ ಹೊತ್ತಿನಿಂದ ಕಾಟನ್ ಸೀರೆಗಳ ಮೇಲೇ ಇತ್ತು.

ಹುಡುಗನ ತಾಯಿ ಮಾತ್ರ ರೇಷ್ಮೆಯ ಮೇಲೆ ರೇಷ್ಮೆ ಪೇರಿಸುತ್ತಿದ್ದರು. "ದಿನಾ ಉಡಾಕೂ ಇವ ಇರಲಿ. ನಮ್ಮ ಸೆಲೆಕ್ಷನ್ ಅಂದ್ರ ಹಿಂಗ. ಕಾಟನ್ ಉಟ್ಟ ತಿರಗಾಕ ಆಕಿಗೇನ ಹೊರಗ ಕೆಲಸೈತಿ?"

ಸೋದರಮಾವ ನನ್ನ ಮುಖ ನೋಡಿದರು. ಬೇಡ ಅಂದರೆ ಗಂಡಿನವರ ಸೀರೆ ಒದ್ದಂತೆ, ಹೂಂ ಅಂದರೆ ನೌಕರಿ ಹೋದಂತೆ. ಹುಡುಗಿಯ ತಂದೆ ಗಾದಿಯ ಅಂಚು ಕೀಳುತ್ತ ಕೂತರು.

ಹುಡುಗಿ ಕಾಟನ್ ಮೇಲಿನ ಕೈ ತೆಗೆದಳು. ಎಲ್ಲಕ್ಕಿಂತ ಭಾರವಾದ ರೇಷ್ಮೆ ಸೀರೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಭಾಳ ಚಲೋ ಅದಾವ್ರಿ ಅತ್ತಿಯಾರ. ಇವನ್ನ ಉಟ್ಕೊಂಡ ದಿನಾ ಸಾಲಿಗೆ ಹೋಗತೇನಿ."

ಇಷ್ಟು ವರ್ಷದಲ್ಲಿ ಇಂಥ ಚೌಕಾಸಿ ನಾನು ನೋಡಿರಲಿಲ್ಲ. ವ್ಯಾಪಾರಿಯಾದವನು ಇನ್ನೊಬ್ಬ ವ್ಯಾಪಾರಿಯ ಕೈ ಬಿಡಬಾರದು. ನಾನೂ ಸೇರಿಸಿದೆ:

"ಮುಂಜಾನೆ ಹುಕ್ಕೇರಿ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರೂದಿಲ್ರಿ. ಹಾಲಿನ ಕ್ಯಾನು, ಕಾಯಿಪಲ್ಯಾದ ಬುಟ್ಟಿ. ಸೀಟಿನ ಮೊಳಿಗೆ ಜರಿ ಸಿಕ್ತಂದ್ರ ಮುಗೀತು."

ಹುಡುಗನ ತಾಯಿ ಸೊಸೆಯ ಹೆಗಲಿನಿಂದ ಸೀರೆ ಕಸಿದು ಎದೆಗವಚಿಕೊಂಡರು.

"ಅಯ್ಯ ನಮ್ಮವ್ವಾ! ಇಂಥಾ ರೇಷ್ಮಿ ಬಸ್ಸಿನ್ಯಾಗ? ಬುದ್ಧಿ ಐತೇನ ನಿನಗ? ಸಾವಕಾರ್ರ, ಇವನ್ನೆಲ್ಲಾ ಮೊದಲ ಒಳಗ ಇಡ್ರಿ. ಸಾಲಿಗೆ ಹೋಗಾಕ ಕಾಟನ್ ತಗೀರಿ, ಪಿನ್ ಹಚ್ಚಿದ್ರ ನಿಂದ್ರುವಂಥಾವು!"

ಸೋದರಮಾವ ತೊಡೆ ತಟ್ಟಿದರು. "ಕೇಳಿದ್ರೆಲ್ಲೋ? ಸಾಲಿಗೆ ಹೋಗಾಕ ಅಂದ್ರು! ಬೀಗತಿಯಾರ ಬಾಯಿಲೇನ ಬಂತು!"

ಬಸ್ತಾದಲ್ಲಿ ಎರಡೂ ಮನೆಯವರ ಮುಂದೆ ಆಡಿದ ಮಾತು ಕತ್ತರಿಸಿದ ಬಟ್ಟೆ ಇದ್ದಂತೆ, ವಾಪಸ್ ತೆಗೆದುಕೊಳ್ಳುವುದಿಲ್ಲ. ಹುಡುಗನ ತಾಯಿ ಮಗನ ಕಡೆ ನೋಡಿದರು, ಅವನು ಕೋಟಿನ ಗುಂಡಿ ಎಣಿಸುತ್ತಿದ್ದ. ಸೊಸೆಯ ಕಡೆ ನೋಡಿದರು, ಅವಳು ತಲೆ ತಗ್ಗಿಸಿ ನಿರಿಗೆ ಹಿಡಿದು ನೋಡುತ್ತಿದ್ದಳು. ಆಮೇಲೆ ತಮಗೆ ಉಡುಗೊರೆ ಕೊಡಲು ಅಂತ ಹೆಣ್ಣಿನವರು ಆರಿಸಿಟ್ಟಿದ್ದ ರೇಷ್ಮೆ ಸೀರೆಯನ್ನು ಎತ್ತಿ ನನ್ನ ಮುಂದೆ ತಳ್ಳಿದರು.

"ಹಂಗಾರ ನನಗೂ ಕಾಟನ್ ಕೊಡ್ರಿ. ಈಕಿ ಬಸ್ ಹತ್ತಿದ ಮ್ಯಾಲ ರೊಟ್ಟಿ ಬಡಿಯಾಕಿ ನಾನ ಅಲ್ಲೇನು? ಒಲಿ ಮುಂದ ರೇಷ್ಮಿ ಉಟ್ಕೊಂಡ ಕುಂದ್ರಲ್ಯಾ?"