ಮಿತವೋ ಹಿತವೋ

ಜನರನ್ನು ತಿದ್ದುವ ವಿಡಿಯೊ ಮಾಡುವುದು ನನ್ನ ಕಸುಬು. ಬಳ್ಳಾರಿಯ ಬಿಸಿಲಿನಲ್ಲಿ ಇದಕ್ಕಿಂತ ಕಹಿಯಾದ ಕಸುಬು ಇನ್ನೊಂದಿರಲಾರದು. ಕುರುಗೋಡಿನಲ್ಲಿ ಸ್ವಚ್ಛತೆಯ ಚಿತ್ರಕ್ಕೆಂದು ಹೋದರೆ ಬೀದಿ ಮೊದಲೇ ಚೊಕ್ಕಟವಾಗಿತ್ತು; ನಾವೇ ಕಸ ಚೆಲ್ಲಿ, ಗುಡಿಸಿದಂತೆ ನಟಿಸಿ ಬಂದೆವು. ‘ನೀವು ಬರೋಕಿಂತ ಮೊದ್ಲ ಚೊಲೊ ಇತ್ತಲ್ರಿ!’ ಎಂದು ಅಜ್ಜನೊಬ್ಬ ಬೈದದ್ದು ಇನ್ನೂ ಕಿವಿಯಲ್ಲಿದೆ.

ಈ ಸಲ ಒಂದು ಸೇವಾ ಸಂಘಕ್ಕೆ ನೀರು ಉಳಿಸುವ ಚಿತ್ರ. ಸಿರುಗುಪ್ಪ ದಾಟಿ, ರಾರಾವಿ ದಾರಿಯ ಒಂದು ಹಳ್ಳಿ. ಹಂಪಮ್ಮ ಎಂಬಾಕೆ ಮನೆಯ ಮುಂದಿನ ನಲ್ಲಿಯಲ್ಲಿ ಕೊಡ ತುಂಬಿಸಿ, ನಲ್ಲಿ ನಿಲ್ಲಿಸಿ, ನಗುತ್ತ ‘ನೀರನ್ನು ಮಿತವಾಗಿ ಬಳಸೋಣ’ ಎನ್ನಬೇಕು. ನಲ್ಲಿ ಹೊಸದು, ಮಿರಮಿರ ಮಿಂಚುತ್ತಿತ್ತು. ನೀರೊಂದೇ ಇರಲಿಲ್ಲ. ನಾಳೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಮನೆಯಲ್ಲಿ ಚೆಂಬು ನೀರಿಲ್ಲ ಎಂದು ಹಂಪಮ್ಮ ಹೇಳುತ್ತಲೇ ಇದ್ದಳು. ನನಗೆ ಬೆಳಕಿನ ಚಿಂತೆ. ಉಳಿಸಬೇಕಾದರೆ ಮೊದಲು ಸುರಿಯಬೇಕಲ್ಲ, ಟ್ಯಾಂಕರ್ ತರಿಸಿ, ಕಾಣದ ಹಾಗೆ ನಲ್ಲಿಗೆ ಪೈಪು ಜೋಡಿಸಿದೆವು.

ಕೊಡ ತುಂಬಿತು. ಹಂಪಮ್ಮ ನಕ್ಕಳು. ಮಾತು ಮಾತ್ರ ಕೆಟ್ಟಿತು: ‘ನೀರನ್ನು ಹಿತವಾಗಿ ಬಳಸೋಣ.’

‘ಹಿತ ಅಲ್ಲಮ್ಮ, ಮಿತ!’

‘ತಪ್ಪಾತ್ರಿ ಸರ. ಇನ್ನೊಮ್ಮಿ ಬಿಡ್ರಿ ನೀರು.’

ಮತ್ತೆ ಖಾಲಿ ಕೊಡ, ಮತ್ತೆ ನೀರು, ಮತ್ತೆ ಹಿತ. ಪಾಪ, ನಾಲಿಗೆ ಹೊರಳದು ಎಂದುಕೊಂಡು ಅಕ್ಷರ ಬಿಡಿಸಿ ಬಿಡಿಸಿ ಹೇಳಿಕೊಟ್ಟೆ. ಕೊನೆಗೆ ಟ್ಯಾಂಕರ್ ಬರಿದಾಗಿ ನಲ್ಲಿ ಗೊರಗೊರ ಎಂದಿತು. ಆಗ ಹಂಪಮ್ಮ ಗಿಳಿಯ ಹಾಗೆ, ‘ನೀರನ್ನು ಮಿತವಾಗಿ ಬಳಸೋಣ’ ಎಂದಳು. ತಿರುಗಿ ನೋಡಿದರೆ ಕ್ಯಾಮೆರಾದ ಹಿಂದೆ ಓಣಿಯ ಕೊಡಗಳೆಲ್ಲ ತುಂಬಿ ಕುಳಿತಿದ್ದವು.

‘ಬೇಕಂತಲೇ ತಪ್ಪು ಹೇಳಿದೆಯಾ?’

‘ಬಂದ ಬೀಗ್ರ ಕಾಲಿಗೆ ನೀರು ಕೊಡಬೇಕಲ್ರಿ ಸರ. ನಿಮ್ಮ ಸಿನಿಮಾ ಮುಗದ್ರ ನೀರು ಯಾರು ಬಿಡ್ತಾರ?’

ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ತಿಳಿಯದೆ ನುಂಗಿಕೊಂಡೆ.

ತೆಗೆದದ್ದನ್ನು ಮನೆಗೆ ಬಂದು ನೋಡಿದರೆ, ಮಾತು ಸರಿಯಿದ್ದ ಕಡೆ ನೀರಿಲ್ಲ, ನೀರಿದ್ದ ಕಡೆಯೆಲ್ಲ ಹಿತ. ಸಂಘದ ಅಧ್ಯಕ್ಷರಿಗೋ ಸುರಿಯುವ ನೀರು ಬೇಕೇ ಬೇಕು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ, ಕಾದು ಕಾದು ನೀರು ಬಂದ ದಿನ, ಬಚ್ಚಲ ನಲ್ಲಿಗೆ ಕ್ಯಾಮೆರಾ ಹೂಡಿ, ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ಹೆಂಡತಿ ಖಾಲಿ ಕೊಡ ಹಿಡಿದು ಓಡಿಬಂದಳು.

‘ಬಂದ್ ಮಾಡ್ರಿ ಅದನ್ನ! ನೀರು ಹಾಳಾಗಾಕತ್ತೈತಿ, ಕಣ್ಣು ಕಾಣಂಗಿಲ್ಲೇನು?’

ನನ್ನ ಇಷ್ಟು ಚಿತ್ರಗಳಲ್ಲಿ ಯಾರೂ ಸಂದೇಶವನ್ನು ಅಷ್ಟು ಮನಸ್ಸಿಟ್ಟು ಹೇಳಿರಲಿಲ್ಲ. ಏನು ಮಾಡುವುದು, ಕ್ಯಾಮೆರಾ ನಲ್ಲಿಯ ಕಡೆಗಿತ್ತು.

‘ಇನ್ನೊಮ್ಮೆ ಹೇಳು,’ ಎಂದೆ, ನಲ್ಲಿ ನಿಲ್ಲಿಸದೆ.