ಆಯುಧ ಪೂಜೆಗೆ ಕುಳಿತ ಸರ್ವರ್

ಬಾಡಿಗೆ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಯ ದಿನವೂ ಬಾಡಿಗೆ ಕಾರು ಬೇಡವೆಂದು ಹಠ ಹಿಡಿದು, ಕಾಯಿ ಸಾಗಿಸುವ ನಮ್ಮದೇ ಟೆಂಪೋದಲ್ಲಿ ಹೋದವನು ನಾನು. ಪಂಚೆಗೆ ಅಂಟಿದ ತೆಂಗಿನ ನಾರನ್ನು ಮಾವನ ಮನೆಯವರು ಮುಹೂರ್ತದವರೆಗೂ ಆರಿಸಿದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಇವತ್ತು ತಮಿಳುನಾಡಿನ ಪೊಳ್ಳಾಚಿಯ ಹೊರಗೆ ನಾರಿನ ಪುಡಿ ಒತ್ತಿ ಇಟ್ಟಿಗೆ ಮಾಡುವ ಸ್ವಂತ ಕಾರ್ಖಾನೆ ನಡೆಸುತ್ತೇನೆ. ಹೊರದೇಶದವರು ಅದರಲ್ಲಿ ಟೊಮೇಟೊ ಬೆಳೆಯುತ್ತಾರಂತೆ. ಮಣ್ಣಿಲ್ಲವೋ ಏನೋ, ಪಾಪ.

ಇಂಥವನ ವಿಸಿಟಿಂಗ್ ಕಾರ್ಡಿನಲ್ಲಿ ಯಾರದೋ ಕಂಪನಿಯ ಬಿಟ್ಟಿ ಇಮೇಲ್ ವಿಳಾಸ, ಬಾಡಿಗೆ ಮನೆಯಿದ್ದಂತೆ! ಅದೂ ಹೆಂಡತಿ ರುಕ್ಮಿಣಿ ತನ್ನ ಫೋನಿನಲ್ಲಿ ತೆರೆದದ್ದು. ನಮ್ಮ ಮಹಡಿಯಲ್ಲಿರುವ ಧಾರವಾಡದ ಇಂಜಿನಿಯರ್ ಗಂಗಾ ಒಂದು ದಿನ, "ನಿಮ್ಮ ಹೆಸರಿನ ಡೊಮೈನ್ ತಗೊಂಡು ಸ್ವಂತ ಮೇಲ್ ಸರ್ವರ್ ಇಟ್ಕೋಬಹುದ್ರಿ, ಆದ್ರ ಭಾಳ ತ್ರಾಸು" ಅಂದಳು. ಅರ್ಧ ಮಾತ್ರ ನನಗೆ ಕೇಳಿಸಿತು. ತಾತನ ಹೆಸರಿನಲ್ಲಿ ಡೊಮೈನ್ ಬಂತು. ಆಫೀಸಿನ ಮೂಲೆಯಲ್ಲಿ ಕಪ್ಪು ಡಬ್ಬಿಯೊಂದು ಹಗಲೂ ರಾತ್ರಿ ಗುಂಯ್‌ಗುಡತೊಡಗಿತು. "ಹೊರಗಿನ ಸರ್ವರ್ ಒಂದೂ ನಮ್ಮನ್ನ ನಂಬವಲ್ದು" ಎಂದು ಗಂಗಾ ಅದರ ಮುಂದೆ ಕೂತು ಗೊಣಗುವಳು. ಹೊಸಬರನ್ನು ಯಾರು ತಾನೇ ಸಲೀಸಾಗಿ ನಂಬುತ್ತಾರೆ? ನನಗೆ ಹೆಣ್ಣು ಕೊಡುವ ಮೊದಲು ಮಾವನೂ ಊರೂರು ವಿಚಾರಿಸಿದ್ದರು. ಹಳೆಯ ಕಾರ್ಡು ಬಿಸಾಡಲು ಮನಸ್ಸಾಗದೆ, ರುಕ್ಮಿಣಿಯ ವಿಳಾಸಕ್ಕೆ ಪೆನ್ನಿನಿಂದ ಗೀಟೆಳೆದು ಮೇಲೆ ಹೊಸದನ್ನು ಬರೆದೆ.

"ನನ್ನನ್ನೇ ಹೊಡೆದುಹಾಕಿದಿರಾ?" ಅಂದಳು ಅವಳು.

ಅದೇ ಹೊತ್ತಿಗೆ ಒಬ್ಬ ವಿದೇಶಿ ವ್ಯಾಪಾರಿ ಆ ಕಾರ್ಡನ್ನೂ ಮಾದರಿ ಇಟ್ಟಿಗೆಯನ್ನೂ ಒಯ್ದು, ಹಿಡಿಸಿದರೆ ಇಮೇಲ್ ಮಾಡುತ್ತೇನೆ ಅಂದಿದ್ದ. ನಮ್ಮ ಮೊಟ್ಟಮೊದಲ ಕಂಟೇನರ್ ಆರ್ಡರ್! ಅಷ್ಟರಲ್ಲಿ ಆಯುಧ ಪೂಜೆ ಬಂತು. ದುಡಿಯುವ ವಸ್ತುವಿಗೆಲ್ಲ ಅಂದು ವಿಶ್ರಾಂತಿ. ಯಂತ್ರ, ತಕ್ಕಡಿ, ಟೆಂಪೋಗೆಲ್ಲ ಗಂಧ ಹಚ್ಚಿ, ಹಗಲೂ ರಾತ್ರಿ ದುಡಿಯುವ ಡಬ್ಬಿಯನ್ನು ಮರೆತರೆ ಪಾಪ ಬಾರದೆ? ತಂತಿ ಕಿತ್ತು, ಒರೆಸಿ, ಕುಂಕುಮವಿಟ್ಟು, ಮುಂದೆ ಪುರಿ ಕಡಲೆ ಸುರಿದು, ಮೇನ್ ಸ್ವಿಚ್ ಇಳಿಸಿ ಬಂದೆ. ಕೆಲಸದವರೆಲ್ಲ ಊರಿಗೆ ಹೋದರು; ರಜೆ ವಾರಕ್ಕೆ ಎಳೆಯಿತು.

ಧಾರವಾಡದಿಂದ ಮರಳಿದ ಗಂಗಾ, ಸರ್ವರಿಗೆ ಸುತ್ತಿದ್ದ ಚೆಂಡುಹೂವಿನ ಹಾರ ನೋಡಿ ತಲೆ ಮೇಲೆ ಕೈ ಹೊತ್ತಳು. "ಅಣ್ಣಾರ, ಇದು ಮಲಗಿದ್ರ ಬಂದ ಇಮೇಲ್ ಎಲ್ಲಾ ಬಾಗಲಾ ಬಡದು ಬಡದು ವಾಪಸ್ ಹೋಗ್ತಾವ್ರಿ!"

"ಪೂಜೆಗಿಟ್ಟ ಆಯುಧ ಮುಟ್ಟಬಾರದಮ್ಮ" ಅಂದೆ. ಮರುಕ್ಷಣವೇ, "ಆ ವಿದೇಶಿ ವ್ಯಾಪಾರಿಯ ಇಮೇಲೂ ವಾಪಸ್ ಹೋಯಿತೇ?" ಅಂತ ಕೇಳಿದೆ.

ಕಾಫಿ ಹಿಡಿದು ಬಂದ ರುಕ್ಮಿಣಿ, "ಏನುಂಗ, ಆ ದೊರೆಯ ಇಮೇಲಾ? ನಿಮಗೆ ಕಳಿಸಿದ್ದು ವಾಪಸ್ ಬಂತಂತೆ. ಗೀಟಿನ ಕೆಳಗಿರೋದನ್ನ ಓದಿಕೊಂಡು ನನಗೆ ಬರೆದ. ಆಯುಧಗಳು ನಿದ್ದೆ ಮಾಡ್ತಿವೆ, ಎದ್ದ ಮೇಲೆ ಮಾಲು ಕಳಿಸ್ತೀವಿ ಅಂದೆ. ಆರ್ಡರ್ ಹಾಕಿದಾನೆ" ಅಂದಳು.

"ಮೊದಲೇ ಹೇಳಬಾರದಿತ್ತೇನೇ?"

"ಬಾಡಿಗೆ ಮನೆಗೆ ಬಂದದ್ದು. ಬೇಕಿದ್ದರೆ ಸ್ವಂತ ಮನೆಯವರೇ ಬಂದು ಕೇಳಲಿ ಅಂತಿದ್ದೆ."

ಬಾಯಿಬಿಟ್ಟು ಹೆಂಡತಿಯನ್ನು ಹೊಗಳುವ ಜಾಯಮಾನ ನನ್ನದಲ್ಲ. ಅದಕ್ಕೇ ಡಬ್ಬಿಯನ್ನು ನಿದ್ದೆಯಿಂದ ಎಬ್ಬಿಸಿ, ತಾತನ ಹೆಸರಿನ ಸ್ವಂತ ವಿಳಾಸದಿಂದ ಅವಳಿಗೊಂದು ಇಮೇಲ್ ಬರೆದೆ. ಮದುವೆಯಾದ ಮೇಲೆ ಮೊದಲ ಸಲ, ಮನಸಾರೆ, ಒಳ್ಳೆಯ ಮಾತು. ಕಾದೆ. ಕಾಫಿಗೆ ಸಕ್ಕರೆ ಕೂಡ ಹೆಚ್ಚಲಿಲ್ಲ. ಗಂಗಾಳನ್ನು ಕೇಳಿದರೆ, "ಅಕ್ಕಾರ ಫೋನಿನ್ಯಾಗ ಅದು ಸ್ಪ್ಯಾಮಿಗೆ ಬಿದ್ದಿರಬೇಕ್ರಿ. ಅವರಿಗೇ ಹೇಳಿ ತಗಸ್ರಿ" ಅಂದಳು.

ಈಗ ಅದೇ ಯೋಚನೆ. ನಿನ್ನನ್ನು ಹೊಗಳಿದ್ದೇನೆ, ಕಸದ ಬುಟ್ಟಿಯಲ್ಲಿ ಹುಡುಕಿಕೋ ಅಂತ ಹೆಂಡತಿಗೆ ಯಾವ ಬಾಯಲ್ಲಿ ಹೇಳಲಿ?