ಸಾಹೇಬರ ಬೈತಲೆ ಮತ್ತು ಒಂದು ವರ್ಗಾವಣೆ

ಅಳತೆ ಮತ್ತು ತೂಕ ಇಲಾಖೆಯ ಮುಖ್ಯ ಕಚೇರಿಗೆ ಹೊಸದಾಗಿ ಬಂದ ನಿರ್ದೇಶಕರು, ತಮ್ಮ ಭಾವಚಿತ್ರ ಗೋಡೆಗೆ ಏರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ ಎಂಬುದು ನಿಯಮ. ಈ ನಿಯಮವನ್ನು ಯಾರು ಮಾಡಿದರೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಅದನ್ನು ಮುರಿಯಲು ಯಾರ ಅಪ್ಪಣೆ ಕೇಳಬೇಕೆಂಬುದೂ ಗೊತ್ತಿಲ್ಲ.

ಇದರಿಂದ ಊಟ ನಿದ್ದೆ ಕಳೆದುಕೊಂಡವನು ಹೆಡ್ ಗುಮಾಸ್ತ. ಅವನ ಹೆಂಡತಿ ಬೇರೊಂದು ಊರಿನಲ್ಲಿ ಶಾಲಾ ಶಿಕ್ಷಕಿ. ಮದುವೆಯಾದಾಗಿನಿಂದ ಇಬ್ಬರದೂ ಫೋನಿನ ಸಂಸಾರ. ಆ ಊರಿನ ಶಾಖೆಗೆ ಅವನ ವರ್ಗಾವಣೆಯ ಆದೇಶ ಸಿದ್ಧವಾಗಿ, ಸಾಹೇಬರ ಸಹಿಯೊಂದಕ್ಕೆ ಬಾಯಿಬಿಟ್ಟುಕೊಂಡು ಮೇಜಿನ ಮೇಲೆ ಕೂತಿತ್ತು. ಹೆಂಡತಿ ಆಗಲೇ ಎರಡು ದಿಂಬು ಹಾಕಿ ಮಲಗುವ ಅಭ್ಯಾಸ ಶುರುಮಾಡಿದ್ದಳು.

ಸ್ಟುಡಿಯೋದವನು ಬಂದ. ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ನಾಮಫಲಕ, ಹಿಂದೆ ಗಡಿಯಾರ, ಪಕ್ಕದಲ್ಲಿ ಇಲಾಖೆಯ ತಕ್ಕಡಿ ಎಲ್ಲ ಬರುವಂತೆ ಚಿತ್ರ ತೆಗೆದು ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಸಾಹೇಬರ ಮುಖ ಕಪ್ಪಿಟ್ಟಿತು.

"ಯಾರಯ್ಯ ಇವನು?"

"ತಾವೇ ಸಾರ್."

"ನಾನು ಬೈತಲೆ ತೆಗೆಯೋದು ಎಡಗಡೆ. ಇವನದು ಬಲಗಡೆ ಇದೆ. ಬೆಳಿಗ್ಗೆ ತಾನೇ ಕನ್ನಡೀಲಿ ಕಣ್ಣಾರೆ ನೋಡಿದ್ದೀನಿ."

"ಅಲ್ಲೇ ಇರೋದು ಸಾರ್ ವಿಷಯ. ಕನ್ನಡಿ ಮುಂದೆ ನೀವು ಎಡಗೈ ಎತ್ತಿದ್ರೆ, ಒಳಗೆ ಎದ್ದ ಕೈಯೂ ನಿಮ್ಮ ಎಡಗಡೆಗೇ ಇರುತ್ತೆ. ಎದುರಿಗೆ ನಿಂತ ನಾನು ಎಡಗೈ ಎತ್ತಿದ್ರೆ ಅದು ನಿಮ್ಮ ಬಲಗಡೆಗೆ ಬರುತ್ತೆ. ಕ್ಯಾಮರಾ ನನ್ನ ಹಾಗೇ ಎದುರಿಗೆ ನಿಂತು ನೋಡೋದು. ಊರೆಲ್ಲ ನಿಮ್ಮನ್ನ ನೋಡೋದೂ ಹೀಗೇ. ಕನ್ನಡಿಯೊಳಗಿನ ಸಾಹೇಬರಿಗೆ ಒಗ್ಗಿಹೋಗಿರೋದು ತಾವೊಬ್ಬರೇ."

"ಅಂದ್ರೆ ಊರೆಲ್ಲ ಸರಿ, ನಾನೊಬ್ಬ ತಪ್ಪು ಅಂತೀಯ?"

"ಛೆ ಛೆ," ಎಂದು ಹೆಡ್ ಗುಮಾಸ್ತ ಸ್ಟುಡಿಯೋದವನ ಕಾಲು ತುಳಿದ. "ಊರು ನಿಂತಿರೋ ಜಾಗ ಸರಿಯಿಲ್ಲ ಸಾರ್."

ಸ್ಟುಡಿಯೋದವನು ಕಾಲು ನೀವಿಕೊಂಡು ಒಂದು ಗುಂಡಿ ಒತ್ತಿದ. ಚಿತ್ರ ಎಡಬಲ ಮಗುಚಿಕೊಂಡಿತು. ಬೈತಲೆ ಎಡಕ್ಕೆ ಜಿಗಿಯಿತು. "ಇವನಪ್ಪ ನಾನು!" ಎಂದು ಸಾಹೇಬರು ಅರಳಿದರು. ಆದರೆ ಬೈತಲೆಯ ಜೊತೆ ಉಳಿದದ್ದೂ ಮಗುಚಿತ್ತು. ನಾಮಫಲಕದ ಅಕ್ಷರಗಳು ಹುಳ ಹರಿದಂತಿದ್ದವು. ಬೆಳಿಗ್ಗೆ ಹತ್ತಕ್ಕೆ ತೆಗೆದ ಚಿತ್ರದಲ್ಲಿ ಗಡಿಯಾರ ಎರಡು ತೋರಿಸುತ್ತಿತ್ತು. ಇದಕ್ಕೆ ಸಾಹೇಬರ ಆಕ್ಷೇಪವಿರಲಿಲ್ಲ. ಕುಳಿತಲ್ಲೇ ಅರ್ಧ ದಿನದ ಕೆಲಸ ಮುಗಿದಿತ್ತು.

"ಬೋರ್ಡಿನ ಅಕ್ಷರ ಮಾತ್ರ ಮೊದಲಿನ ಹಾಗೆ ಮಾಡಿಕೊಡ್ತೀನಿ ಸಾರ್. ಚಿಟಿಕೆ ಹೊಡೆಯೋದ್ರಲ್ಲಿ ಆಗುತ್ತೆ."

"ಅಳತೆ ಇಲಾಖೆಯಲ್ಲಿ ಕೂತು ದಾಖಲೆ ತಿದ್ದು ಅಂತೀಯೇನಯ್ಯ? ಒಳಗೆ ಹಾಕಿಸಿಬಿಡ್ತೀನಿ!"

ಸಹಿ ಕೈಗೆ ಬಂದು ಜಾರುತ್ತಿದೆಯೆಂದು ಹೆಡ್ ಗುಮಾಸ್ತನಿಗೆ ದಿಗಿಲಾಯಿತು. "ಸಾರ್," ಎಂದ, "ಚಿತ್ರ ಸರಿಯಾಗೇ ಇದೆ. ಕಚೇರೀನೇ ಚಿತ್ರಕ್ಕೆ ಹೊಂದಿಸಿಬಿಟ್ರೆ?"

ಸಾಹೇಬರು ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಇಂಥ ತಲೇನ ಶಾಖೆಗೆ ಕಳಿಸ್ತಿದ್ದಾರಲ್ರೀ!"

ಸುತ್ತೋಲೆಯನ್ನು ಅವನೇ ಬರೆದ. "ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಕಚೇರಿಯು ಇನ್ನು ಮುಂದೆ ನಿರ್ದೇಶಕರ ಭಾವಚಿತ್ರದಂತೆ ಇರತಕ್ಕದ್ದು. ಫಲಕಗಳನ್ನು ಎಡಬಲ ತಿರುಗಿಸಿ ಬರೆಸತಕ್ಕದ್ದು. ಓದಲಾಗದ ಸಾರ್ವಜನಿಕರು ಸ್ವಂತ ಕನ್ನಡಿ ತರತಕ್ಕದ್ದು. ಕಾಗದಪತ್ರಗಳಿಗೂ ಇದೇ ಅನ್ವಯ." ಅಕ್ಷರ ತಿರುಗಿಸುವ ವಿದ್ಯೆ ತನ್ನ ಯಂತ್ರಕ್ಕಿಲ್ಲವೆಂದು ಟೈಪಿಸ್ಟ್ ಗೊಣಗಿದಾಗ, ಹೆಡ್ ಗುಮಾಸ್ತ ಇನ್ನೊಂದು ಸಾಲು ಸೇರಿಸಿದ: "ಅಕ್ಷರ ತಿರುಗದ ಪಕ್ಷದಲ್ಲಿ, ಎಡ ಕಾಲಮ್ಮಿನದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕತಕ್ಕದ್ದು."

ಸಾರ್ವಜನಿಕರು ಪ್ರತಿಭಟಿಸಲಿಲ್ಲ, ಕನ್ನಡಿ ತಂದರು. ಕೆಲವರು ಬಾಚಣಿಗೆಯನ್ನೂ ತಂದು, ಸರದಿಯಲ್ಲಿ ನಿಂತ ಹೊತ್ತನ್ನು ಸದುಪಯೋಗಪಡಿಸಿಕೊಂಡರು. ತೂಕದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದಿದ್ದ ತರಕಾರಿಯವನ ಕಡತದಲ್ಲಿ, ಎಡಕ್ಕಿದ್ದ "ಇರಬೇಕಾದ ತೂಕ"ದ ಅಂಕಿಯೂ ಬಲಕ್ಕಿದ್ದ "ಕೊಟ್ಟ ತೂಕ"ದ ಅಂಕಿಯೂ ಅದಲುಬದಲಾಗಿ, ಅವನು ಧಾರಾಳವಾಗಿ ತೂಗಿಕೊಟ್ಟಿದ್ದು ಸಾಬೀತಾಯಿತು. ಅವನಿಗೆ ಪ್ರಶಂಸಾಪತ್ರವೂ, ಹೆಚ್ಚಿಗೆ ಒಯ್ದ ಗಿರಾಕಿಗೆ ನೋಟಿಸೂ ಹೋದವು. ಗಿರಾಕಿ ಕ್ಷಮೆ ಕೇಳಿ ಬರೆದುಕೊಟ್ಟ.

ಭಾವಚಿತ್ರ ಗೋಡೆಗೇರಿತು. ಸಾಹೇಬರು ಸಹಿ ಹಾಕತೊಡಗಿದರು. ಹೆಡ್ ಗುಮಾಸ್ತನ ಆದೇಶವೂ ಸುತ್ತೋಲೆಯ ಪ್ರಕಾರ ತಿರುಗಿ, ಸಹಿಯಾಗಿ ಹೊರಬಂತು. ಎಡಕ್ಕೆ "ಈಗಿರುವ ಊರು", ಬಲಕ್ಕೆ "ಹೋಗಬೇಕಾದ ಊರು". ತಲೆಬರಹ ಮೊದಲೇ ಅಚ್ಚಾಗಿದ್ದರಿಂದ ಅಲ್ಲಾಡಿರಲಿಲ್ಲ. ಊರುಗಳು ಮಾತ್ರ ಜಾಗ ಬದಲಿಸಿದ್ದವು. ಹೆಂಡತಿಯ ಊರಿನಿಂದ ಅವನನ್ನು ಇಲ್ಲಿಗೆ, ಅವನದೇ ಕುರ್ಚಿಗೆ, ವರ್ಗಾಯಿಸಲಾಗಿತ್ತು.

ಎದ್ದೆನೋ ಬಿದ್ದೆನೋ ಎಂದು ಒಳಗೆ ಓಡಿದ. "ಸಾರ್, ನಾನು ಆ ಊರಲ್ಲಿ ಒಂದು ದಿನ ಕೂಡ ಕೆಲಸ ಮಾಡಿಲ್ಲ!"

"ಅಲ್ಲಿ ಕೆಲಸ ಮಾಡಿಲ್ಲ ಅಂತ ನೀವೇ ಹೇಳಿಕೊಂಡು ತಿರುಗಬೇಡಿ, ವಿಚಾರಣೆ ಆಗುತ್ತೆ. ಕಾಲಮ್ಮಿನ ಸಾಲು ಬರೆದದ್ದು ಯಾರು?"

"ನಾನೇ ಸಾರ್."

"ಸೊಗಸಾಗಿದೆ. ಹೋಗಿ ಕೂತ್ಕೊಳ್ಳಿ. ಹೊಸ ಜಾಗ, ಮೊದಮೊದಲು ಕಷ್ಟ ಆಗುತ್ತೆ. ಆಮೇಲೆ ಒಗ್ಗುತ್ತೆ."

ಅವನು ಬಾಗಿಲಾಚೆ ಹೋಗಿ, ಮತ್ತೆ ಒಳಬಂದು, ತನ್ನ ಕುರ್ಚಿಯಲ್ಲಿ ಕೂತು, ಹಾಜರಾದೆನೆಂದು ಬರೆದುಕೊಟ್ಟ. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಮನೆ ಸಿಕ್ಕಿತೇ ಎಂದು ಟೈಪಿಸ್ಟ್ ಕಾಳಜಿಯಿಂದ ವಿಚಾರಿಸಿದ.

ಸಂಜೆ ಹೆಂಡತಿಯ ಫೋನು ಬಂತು.

"ರೀ, ಇಲ್ಲಿನ ಶಾಖೆಯವರು ಇವತ್ತು ನಿಮಗೆ ಬೀಳ್ಕೊಡುಗೆ ಇಟ್ಕೊಂಡಿದ್ರು. ನನ್ನನ್ನೂ ಕರೆದಿದ್ರು."

"ನಾನು ಅಲ್ಲಿಗೆ ಬಂದೇ ಇಲ್ವಲ್ಲೇ!"

"ಅದನ್ನೇ ಎಲ್ಲರೂ ಹೊಗಳಿದ್ರು. ಇದ್ದಷ್ಟು ದಿನ ಯಾರಿಗೂ ಒಂದಿಷ್ಟೂ ತೊಂದರೆ ಕೊಡಲಿಲ್ಲವಂತೆ. ಒಂದು ಫ್ಲಾಸ್ಕ್ ಕೊಟ್ರು." ಹೆಂಡತಿ ಅದರ ಮುಚ್ಚಳ ತಿರುಗಿಸುವ ಸದ್ದು ಕೇಳಿಸಿತು. "ಇಷ್ಟು ಬೇಗ ಹೋಗಬಾರದಿತ್ತು ಅಂತಿದ್ರು. ನನಗೂ ಹಾಗೇ ಅನ್ನಿಸ್ತು ರೀ."

"ಏನು ಮಾಡೋದೇ," ಎಂದ ಹೆಡ್ ಗುಮಾಸ್ತ, "ವರ್ಗಾವಣೆ ಅಂದಮೇಲೆ ಹೊರಡಲೇಬೇಕಲ್ಲ."